ಅಂತರ್ಜಾಲ ಪಾಠಮಾಲೆಗಳ ರೂಪವಿಚಾರ

ಗ್ರಂಥವೊಂದರ ಗುಣದೋಷಗಳನ್ನು ವಿವೇಚಿಸುವಾಗ ಅದರ ಅಚ್ಚು, ಕಾಗದ, ರಕ್ಷಾಪತ್ರಗಳನ್ನು ಕುರಿತು ಕೊನೆಯಲ್ಲಿ ಒಂದೆರಡು ಮಾತು ಹೇಳಿ ಮುಗಿಸುವುದು ನಮ್ಮ ವಿಮರ್ಶೆಯ ಹಳೆಯ ಪದ್ಧತಿ. ಒಳಗಿನ ವಿಷಯವೇ ಮುಖ್ಯ, ಹೊರಗಿನ ಅಂದ ಗೌಣ ಎಂಬ ಭಾವನೆಯೇ ಇದಕ್ಕೆ ಕಾರಣ. ಮುದ್ರಿತ ಗ್ರಂಥದ ಮಟ್ಟಿಗೆ ಈ ಭಾವನೆಯಿಂದ ಹೆಚ್ಚಿನ ಹಾನಿಯೇನೂ ಆಗಲಿಲ್ಲ. ಮೊಳೆಗಳನ್ನು ಜೋಡಿಸುವವನೂ ಪುಟವನ್ನು ಕಟ್ಟುವವನೂ ಕನ್ನಡ ಬಲ್ಲವನೇ ಆಗಿದ್ದುದರಿಂದ ಗ್ರಂಥಕರ್ತನ ಅಲಕ್ಷ್ಯವನ್ನು ಅವನ ಕೈಯ ಅಭ್ಯಾಸವೇ ತುಂಬಿಕೊಡುತ್ತಿತ್ತು. ಅಂತರ್ಜಾಲದ ಮೂಲಕ ಕಲಿಸುವ ಪಾಠಮಾಲೆಗಳ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ಇಲ್ಲಿ ಪುಟವನ್ನು ಕಟ್ಟುವ ಯಂತ್ರವೂ ಅದರೊಡನೆ ಸಿದ್ಧವಾಗಿ ಬರುವ ಟೆಂಪ್ಲೇಟುಗಳೂ ಬಹುಮಟ್ಟಿಗೆ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಕನ್ನಡವು ಅವುಗಳಲ್ಲಿ ಅತಿಥಿಯಾಗಿ ಬಂದು ಕುಳಿತುಕೊಳ್ಳಬೇಕಾಗಿದೆ.

ಹೊರನಾಡಿನಲ್ಲಿ ನೆಲೆಸಿರುವ ನಮಗೆ ಇದು ಕೇವಲ ಸೌಂದರ್ಯದ ಮಾತಲ್ಲ. ಮಹಾರಾಷ್ಟ್ರದಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮೊದಲಾದ ಗಡಿಸೀಮೆಯಲ್ಲಿಯೂ ಮುಂಬಯಿಯಲ್ಲಿಯೂ ಕನ್ನಡ ಶಾಲೆಗಳುಂಟು. ಪುಣೆಯ ಬಾಲಭಾರತಿಯು ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತದೆ. ವಿದರ್ಭದ ನಡುವೆ ಇರುವ ನಾಗಪುರದ ಕನ್ನಡ ಮಗುವಿಗೆ ಆ ಅನುಕೂಲ ದೂರದ್ದು. ಅದು ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷುಗಳನ್ನು ಓದುತ್ತದೆ. ಕನ್ನಡವನ್ನು ಮನೆಯಲ್ಲಿ ಕೇಳುತ್ತದೆ, ಆದರೆ ಎಲ್ಲಿಯೂ ಕಾಣುವುದಿಲ್ಲ. ಅಂಗಡಿಯ ಹಲಗೆಯಲ್ಲಾಗಲಿ ಬಸ್ಸಿನ ಹಣೆಯ ಮೇಲಾಗಲಿ ಕನ್ನಡದ ಅಕ್ಷರವಿಲ್ಲದ ಊರಿನಲ್ಲಿ ಆ ಮಗು ನಮ್ಮ ಲಿಪಿಯನ್ನು ಮೊದಲು ನೋಡುವುದು ಅನೇಕ ಮನೆಗಳಲ್ಲಿ ಮೊಬೈಲಿನ ಪರದೆಯ ಮೇಲೆಯೇ. ಆದಕಾರಣ ಆ ಪರದೆಯ ಮೇಲೆ ಅಕ್ಷರ ಹೇಗೆ ಕಾಣಿಸುತ್ತದೆಂಬುದು ಮುಂದಿನ ಪೀಳಿಗೆ ಕನ್ನಡವನ್ನು ಓದುವುದೇ ಇಲ್ಲವೇ ಎಂಬುದಕ್ಕೆ ಸಂಬಂಧಪಟ್ಟದ್ದು. ಪ್ರಕೃತ ಲೇಖನದ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು: ಪಾಠಮಾಲೆಯ ರೂಪ ಅಲಂಕಾರದ ಪ್ರಶ್ನೆಯಲ್ಲ, ಔಚಿತ್ಯದ ಪ್ರಶ್ನೆ, ಆ ಔಚಿತ್ಯವನ್ನು ನಿರ್ಣಯಿಸತಕ್ಕವು ಎರಡು, ಲಿಪಿಯ ಸ್ವಭಾವ ಮತ್ತು ಕಲಿಯುವವನ ಕಣ್ಣಿನ ಅಭ್ಯಾಸ.

೧

ಔಚಿತ್ಯವೆಂಬ ಶಬ್ದವನ್ನು ಇಲ್ಲಿ ಬುದ್ಧಿಪೂರ್ವಕವಾಗಿಯೇ ಬಳಸಿದೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನೇ ಕಾವ್ಯದ ಜೀವಿತವೆಂದು ಎಣಿಸಿ ಒಂದು ಗ್ರಂಥವನ್ನೇ ರಚಿಸಿದನು. ಯಾವುದು ಯಾವುದಕ್ಕೆ ತಕ್ಕುದೋ ಅದು ಅಲ್ಲಿದ್ದರೆ ಗುಣ, ಬೇರೆಡೆಯಲ್ಲಿದ್ದರೆ ದೋಷ ಎಂಬುದು ಆ ವಿಚಾರದ ತಿರುಳು. ಕಾವ್ಯಕ್ಕೆ ಹೇಳಿದ ಈ ಮಾತು ಪಾಠದ ಪುಟಕ್ಕೆ ಇನ್ನೂ ಹೆಚ್ಚಾಗಿ ಒಪ್ಪುತ್ತದೆ. ಕಾವ್ಯದಲ್ಲಿ ಅಲಂಕಾರ ಕೆಟ್ಟರೆ ರಸಭಂಗವಾದೀತು, ಪಾಠದಲ್ಲಿ ಕೆಟ್ಟರೆ ವಿದ್ಯೆಯೇ ದಾರಿ ತಪ್ಪುತ್ತದೆ.

ನಾಗಪುರದಲ್ಲಿದ್ದು ಈ ಮಾತನ್ನು ಆಲೋಚಿಸುವವರಿಗೆ ಉದಾಹರಣೆಗಾಗಿ ದೂರ ಹೋಗಬೇಕಾದುದಿಲ್ಲ. ಈ ನಗರ ತರಬೇತಿಯ ನಗರವೂ ಹೌದು. ಆದಾಯ ತೆರಿಗೆಯ ಅಧಿಕಾರಿಗಳನ್ನು ತಯಾರುಮಾಡುವ ಸಂಸ್ಥೆ, ಈಗಿನ ರಾಷ್ಟ್ರೀಯ ಪ್ರತ್ಯಕ್ಷ ತೆರಿಗೆ ಅಕಾಡೆಮಿ, ೧೯೫೭ರಿಂದ ಇಲ್ಲಿದೆ. ರಾಂಪುರದಲ್ಲಿ ೧೯೫೬ರಲ್ಲಿ ಆರಂಭವಾದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಮರುವರ್ಷವೇ ಇಲ್ಲಿಗೆ ಬಂದಿತು. ಒಂದು ವಿದ್ಯೆ ಕಾಯಿದೆಯ ಕಲಮುಗಳನ್ನೂ ಕೋಷ್ಟಕಗಳನ್ನೂ ಆಶ್ರಯಿಸಿದುದು. ಇನ್ನೊಂದು ಹೊಗೆ, ನೀರು, ಏಣಿ, ಕೊಳವೆಗಳನ್ನು ಆಶ್ರಯಿಸಿದುದು. ಒಂದರಲ್ಲಿ ಕಣ್ಣು ಸಾಲಿನಿಂದ ಸಾಲಿಗೆ ನಿಧಾನವಾಗಿ ಇಳಿಯಬೇಕು. ಇನ್ನೊಂದರಲ್ಲಿ ಕಣ್ಣು ಒಂದು ಚಿತ್ರವನ್ನು ಒಮ್ಮೆಗೇ ಹಿಡಿದು ಕೈಗೆ ಆಜ್ಞೆಯನ್ನು ಕೊಡಬೇಕು. ಇವೆರಡಕ್ಕೂ ಒಂದೇ ಬಣ್ಣದ, ಒಂದೇ ಚೌಕಟ್ಟಿನ ಪರದೆಯನ್ನು ತೊಡಿಸಿದರೆ ಎರಡಕ್ಕೂ ಅನ್ಯಾಯವಾಗುವುದು. ೨೦೨೦ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವಸಂಪುಟವು ಕರ್ಮಯೋಗಿ ಯೋಜನೆಯನ್ನು ಒಪ್ಪಿದಮೇಲೆ ಸರಕಾರಿ ನೌಕರರ ತರಬೇತಿಗೆ ಐಗಾಟ್ ಎಂಬ ಒಂದೇ ಅಂತರ್ಜಾಲ ವೇದಿಕೆ ಏರ್ಪಟ್ಟಿದೆ. ವೇದಿಕೆ ಒಂದೇ ಆಗುವುದರಲ್ಲಿ ಅನುಕೂಲವಿದೆ. ಆದರೆ ವೇದಿಕೆ ಒಂದಾದಷ್ಟೂ ಪಾಠದ ರೂಪವನ್ನು ವಿಷಯಕ್ಕೆ ತಕ್ಕಂತೆ ಬೇರೆಮಾಡುವ ಹೊಣೆ ಪಾಠ ರಚಿಸುವವರ ಮೇಲೆ ಹೆಚ್ಚಾಗಿ ಬೀಳುತ್ತದೆ.

೨

ಈವರೆಗೆ ನಮ್ಮ ದೇಶದಲ್ಲಿ ನಡೆದಿರುವ ಪ್ರಯತ್ನಗಳನ್ನು ಸಂಕ್ಷೇಪವಾಗಿ ನೋಡಬಹುದು. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ೨೦೦೩ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಪಾಠಗಳ ರೂಪ ಬಹಳ ಸರಳ: ಪ್ರಾಧ್ಯಾಪಕರು, ಅವರ ಹಲಗೆ ಅಥವಾ ಸ್ಲೈಡು, ಅವರ ಧ್ವನಿ. ಅಂದವಿಲ್ಲವೆಂದು ಇದನ್ನು ಹೀಗಳೆಯುವವರುಂಟು. ನನ್ನ ಮತದಲ್ಲಿ ಇದು ದೋಷವಲ್ಲ. ಗಣಿತದ ಒಂದು ಸಮೀಕರಣ ಕೈಯಿಂದ ಹಂತಹಂತವಾಗಿ ಬೆಳೆಯುವುದನ್ನು ಕಾಣುವುದೇ ಅಲ್ಲಿನ ರೂಪ. ಅದಕ್ಕಿಂತ ಹೆಚ್ಚಿನ ಸಿಂಗಾರ ಆ ವಿದ್ಯೆಗೆ ಬೇಡ.

೨೦೧೭ರ ಜುಲೈ ೯ರಂದು ಉದ್ಘಾಟಿತವಾದ ಸ್ವಯಂ ಎಂಬ ವೇದಿಕೆ ಪಾಠವನ್ನು ನಾಲ್ಕು ಅಂಗಗಳಾಗಿ ವಿಂಗಡಿಸಿತು: ದೃಶ್ಯೋಪನ್ಯಾಸ, ಓದುವ ಸಾಮಗ್ರಿ, ಸ್ವಪರೀಕ್ಷೆ, ಚರ್ಚೆ. ಈ ವಿಭಾಗ ರೂಪದ ದೃಷ್ಟಿಯಿಂದಲೂ ಮಹತ್ತ್ವದ್ದು; ನೋಡುವುದಕ್ಕೂ ಓದುವುದಕ್ಕೂ ಬೇರೆ ಬೇರೆ ಸ್ಥಾನಗಳಿರಬೇಕೆಂಬುದನ್ನು ಅದು ಒಪ್ಪಿಕೊಂಡಿದೆ. ಅದೇ ವರ್ಷ ಸೆಪ್ಟೆಂಬರ್ ೫ರಂದು ಬಂದ ದೀಕ್ಷಾ ಬೇರೊಂದು ಉಪಾಯವನ್ನು ಹಿಡಿಯಿತು. ಶಾಲೆಯ ಮುದ್ರಿತ ಪುಸ್ತಕದ ಅಂಚಿನಲ್ಲಿ ಒಂದು ಕ್ಯೂಆರ್ ಸಂಕೇತವನ್ನು ಅಚ್ಚುಮಾಡಿ, ಮೊಬೈಲನ್ನು ಅದರ ಮುಂದೆ ಹಿಡಿದರೆ ಆ ಪಾಠದ ಸಾಮಗ್ರಿ ತೆರೆದುಕೊಳ್ಳುವಂತೆ ಮಾಡಲಾಯಿತು. ಕರ್ನಾಟಕದ ಪಠ್ಯಪುಸ್ತಕಗಳಲ್ಲಿಯೂ ಬಾಲಭಾರತಿಯ ಪುಸ್ತಕಗಳಲ್ಲಿಯೂ ಇದನ್ನು ಕಾಣಬಹುದು. ಕಾಗದದ ಪುಟವೂ ಪರದೆಯೂ ಇಲ್ಲಿ ಒಂದೇ ಪಾಠದ ಎರಡು ಮುಖಗಳು. ಆದುದರಿಂದ ಪುಸ್ತಕದ ಅಕ್ಷರವೂ ಪರದೆಯ ಅಕ್ಷರವೂ ಒಂದೇ ಬಗೆಯಾಗಿದ್ದರೆ ಮಗು ಒಂದರಿಂದ ಇನ್ನೊಂದಕ್ಕೆ ತೊಡರಿಲ್ಲದೆ ದಾಟುತ್ತದೆ.

೨೦೨೦ರ ಮಹಾಮಾರಿಯಲ್ಲಿ ಶಾಲೆಗಳು ಮುಚ್ಚಿದಾಗ ಕರ್ನಾಟಕ ಸರಕಾರ ‘ಸಂವೇದ’ ಎಂಬ ಪಾಠಗಳನ್ನು ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರಸಾರಮಾಡಿತು. ಆ ಕಷ್ಟಕಾಲದಲ್ಲಿ ಅದರಿಂದಾದ ಉಪಕಾರ ದೊಡ್ಡದು. ಆದರೆ ದೂರದರ್ಶನಕ್ಕೆಂದು ರಚಿಸಿದ ಯಾವ ಪಾಠವೇ ಆಗಲಿ, ಅಂಗೈಯಗಲದ ಮೊಬೈಲಿಗೆ ಬಂದಾಗ ಅದರ ಹಲಗೆಯ ಬರಹ ಸಾಸಿವೆಯಾಗುತ್ತದೆಂಬುದನ್ನು ಮರೆಯಬಾರದು. ರೋಮನ್ ಅಕ್ಷರ ಕುಗ್ಗಿದರೆ ಓದುವುದು ಕಷ್ಟವಾಗುತ್ತದೆ. ಕನ್ನಡದ ಅಕ್ಷರ ಕುಗ್ಗಿದರೆ ಬೇರೊಂದು ಅಕ್ಷರವೇ ಆಗಿಬಿಡುತ್ತದೆ. ಇದನ್ನು ಮುಂದೆ ವಿವರಿಸುತ್ತೇನೆ.

೩

ಕನ್ನಡ ಲಿಪಿ ಅಗಲದಲ್ಲಿ ಮಾತ್ರವಲ್ಲದೆ ಆಳದಲ್ಲಿಯೂ ಬೆಳೆಯುವ ಲಿಪಿ. ‘ರಾಷ್ಟ್ರ’, ‘ಶಾಸ್ತ್ರ’, ‘ಸ್ತ್ರೀ’ ಮೊದಲಾದ ಶಬ್ದಗಳಲ್ಲಿ ಮುಖ್ಯಾಕ್ಷರದ ಕೆಳಗೆ ಒತ್ತು, ಆ ಒತ್ತಿಗೆ ಇನ್ನೊಂದು ಒತ್ತು. ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಇಂತಹ ಸಾಲಿನ ಕೆಳಗೆ ಮತ್ತೊಂದು ಸಾಲು ಬರುವಾಗ ನಡುವೆ ಸಾಕಷ್ಟು ಸ್ಥಳವಿಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟನ್ನು ತುಳಿಯುತ್ತದೆ. ರೋಮನ್ ಲಿಪಿಗೆಂದು ಅಳೆದ ಟೆಂಪ್ಲೇಟಿನಲ್ಲಿ ಕನ್ನಡವನ್ನು ಸುರಿದಾಗ ಮೊದಲು ಕಾಣುವ ದೋಷವಿದು. ಗುಂಡಿಗಳಲ್ಲಿ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುವುದೂ ಇದರಿಂದಲೇ. ಅಂತರ್ಜಾಲ ಪುಟಗಳ ಸುಗಮತೆಗಾಗಿ ಇರುವ ಅಂತರರಾಷ್ಟ್ರೀಯ ಸೂತ್ರಗಳ ೨೦೧೮ರ ಆವೃತ್ತಿಯು, ಓದುಗನು ಸಾಲಿನ ಅಂತರವನ್ನು ಅಕ್ಷರದ ಅಳತೆಯ ಒಂದೂವರೆಪಟ್ಟಿಗೆ ಹೆಚ್ಚಿಸಿಕೊಂಡರೂ ಪುಟ ಕೆಡಬಾರದೆಂದು ವಿಧಿಸುತ್ತದೆ. ಉಳಿದ ಲಿಪಿಗಳಿಗೆ ಇದು ಸೌಲಭ್ಯವಾಗಬಹುದು. ಕನ್ನಡಕ್ಕೆ ಇದನ್ನು ಆರಂಭದ ಅಳತೆಯೆಂದೇ ತಿಳಿಯಬೇಕು.

ಎರಡನೆಯ ಸಂಗತಿ ಒತ್ತಿ ಹೇಳುವ ಬಗೆ. ಇಂಗ್ಲಿಷಿನಲ್ಲಿ ತಲೆಬರಹಕ್ಕೆ ದೊಡ್ಡಕ್ಷರಗಳೂ ವಿಶೇಷ ಶಬ್ದಕ್ಕೆ ಓರೆಯಕ್ಷರಗಳೂ ಇವೆ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವಿಲ್ಲ. ಓರೆಯಕ್ಷರ ನಮ್ಮ ಲಿಪಿಯ ಸಂಪ್ರದಾಯದ್ದಲ್ಲ, ಯಂತ್ರವು ಬಲಾತ್ಕಾರದಿಂದ ಬಾಗಿಸಿದ ಕನ್ನಡಾಕ್ಷರ ಗಾಳಿಗೆ ವಾಲಿದ ಗುಡಿಸಲಿನಂತೆ ಕಾಣುತ್ತದೆ. ದಪ್ಪ ಅಕ್ಷರವನ್ನು ಬಳಸಬಹುದು, ಆದರೆ ಮಿತಿಯಲ್ಲಿ. ಚಿಕ್ಕ ಅಳತೆಯಲ್ಲಿ ದಪ್ಪ ಮಾಡಿದರೆ ಅಕ್ಷರದ ಹೊಟ್ಟೆ ತುಂಬಿ ‘ಬ’ ಮತ್ತು ‘ಭ’, ‘ದ’ ಮತ್ತು ‘ಧ’, ‘ಪ’ ಮತ್ತು ‘ಷ’ ಒಂದೇ ಆಗುತ್ತವೆ. ಹೀಗಾಗಿ ಕನ್ನಡದ ಪಾಠದಲ್ಲಿ ಮೇಲು ಕೀಳಿನ ಭೇದವನ್ನು ತೋರಿಸಲು ನಮಗಿರುವ ಸಾಧನಗಳು ಅಳತೆ, ಅಂತರ, ಸ್ಥಾನ, ಬಣ್ಣ. ಇಂಗ್ಲಿಷಿನ ಸಿದ್ಧರೂಪವನ್ನು ಹಾಗೆಯೇ ಎತ್ತಿಕೊಂಡವರು ಈ ಸಾಧನಗಳನ್ನು ಕೈಬಿಟ್ಟು ಇಲ್ಲದ ಸಾಧನಗಳನ್ನು ನಂಬಿದಂತಾಯಿತು.

ಶಬ್ದಗಳ ಉದ್ದವೂ ವಿಚಾರಣೀಯ. ಪ್ರತ್ಯಯಗಳನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯುವ ಭಾಷೆ ನಮ್ಮದು. ಎರಡಕ್ಷರದ ಇಂಗ್ಲಿಷ್ ಆಜ್ಞೆಗೆ ಅಳೆದ ಗುಂಡಿಯಲ್ಲಿ ‘ಮುಂದುವರಿಸಲಾಗುತ್ತಿದೆ’ ಎಂದು ಬರೆಯಹೊರಟರೆ ಗುಂಡಿ ಒಡೆಯುತ್ತದೆ, ಇಲ್ಲವೆ ಶಬ್ದ ಒಡೆಯುತ್ತದೆ. ‘ಮುಂದೆ’, ‘ಹಿಂದೆ’, ‘ನೋಡು’, ‘ಕೇಳು’, ‘ಬರೆ’ ಎಂಬ ಅಚ್ಚಗನ್ನಡದ ಚಿಕ್ಕ ಶಬ್ದಗಳು ಇಲ್ಲಿ ರೂಪದ ಉಪಕಾರಿಗಳೂ ಆಗಿವೆ. ರೂಪವನ್ನು ಸರಿಪಡಿಸಲು ಹೊರಟವನು ಭಾಷೆಯನ್ನೂ ಸರಿಪಡಿಸಬೇಕಾಗುತ್ತದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಅಕ್ಷರವಿನ್ಯಾಸದ ಬಡತನ ಈಗ ನೆಪವಾಗಲಾರದು. ವಿಂಡೋಸ್ ಎಕ್ಸ್‌ಪಿಯ ಜತೆಗೆ ಬಂದ ತುಂಗಾ ಒಂದನ್ನೇ ಯೂನಿಕೋಡ್ ಕನ್ನಡಕ್ಕೆ ಬಹುಮಂದಿ ನೆಚ್ಚಿಕೊಂಡಿದ್ದ ಕಾಲವಿತ್ತು. ಇಂದು ನೋಟೋದ ಸಾನ್ಸ್ ಮತ್ತು ಸೆರಿಫ್ ರೂಪಗಳೂ ಮುಂಬಯಿಯ ಏಕ್ ಟೈಪ್ ಸಂಸ್ಥೆಯ ಬಾಲೂ ತಮ್ಮ, ಅನೇಕ್ ಕನ್ನಡ ಎಂಬ ರೂಪಗಳೂ ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿ ದೊರೆಯುತ್ತವೆ. ಬಾಲೂ ತಮ್ಮ ಗುಂಡಗೆ, ದಪ್ಪಗೆ, ಮಕ್ಕಳ ತಲೆಬರಹಕ್ಕೆ ಮುದ್ದಾಗಿ ಒಪ್ಪುತ್ತದೆ. ಅದನ್ನೇ ಇಡೀ ಪಾಠಕ್ಕೆ ಹರಡಿದರೆ ಕಣ್ಣು ದಣಿಯುತ್ತದೆ. ೨೦೨೨ರಲ್ಲಿ ಬಂದ ಅನೇಕ್ ಹೆಸರೇ ಸೂಚಿಸುವಂತೆ ಅನೇಕ ಲಿಪಿಗಳ ಕುಟುಂಬ. ಕನ್ನಡ, ದೇವನಾಗರಿ, ರೋಮನ್ ಮೂರನ್ನೂ ಒಂದೇ ಪುಟದಲ್ಲಿ ಸಮತೂಕವಾಗಿ ಕೂಡಿಸಬೇಕಾದ ನಮ್ಮಂಥವರಿಗೆ ಇದು ವಿಶೇಷವಾಗಿ ಉಪಯುಕ್ತ.

೪

ಬಣ್ಣದ ವಿಷಯಕ್ಕೆ ಬಂದರೆ ಅಭಿಮಾನವು ಕಣ್ಣನ್ನು ಮರೆಸುವುದನ್ನು ಕಾಣುತ್ತೇವೆ. ಮ. ರಾಮಮೂರ್ತಿಯವರು ರೂಪಿಸಿದ ಹಳದಿ ಕೆಂಪಿನ ಬಾವುಟ ಎಲ್ಲ ಕನ್ನಡಿಗರಿಗೂ ಪ್ರಿಯವಾದುದು. ಹಾಗೆಂದು ಹಳದಿಯ ಮೇಲೆ ಕೆಂಪಕ್ಷರಗಳಿಂದ ಪಾಠವನ್ನು ಬರೆಯಬಹುದೆ? ಮೇಲೆ ಹೇಳಿದ ಸೂತ್ರಗಳು ಸಾಮಾನ್ಯ ಅಳತೆಯ ಬರಹಕ್ಕೂ ಹಿನ್ನೆಲೆಗೂ ಕನಿಷ್ಠ ೪.೫ಕ್ಕೆ ೧ರ ಪ್ರಮಾಣದಲ್ಲಿ ಬೆಳಕಿನ ವ್ಯತ್ಯಾಸವಿರಬೇಕೆನ್ನುತ್ತವೆ. ದೊಡ್ಡ ಅಕ್ಷರಗಳಿಗೆ ೩ಕ್ಕೆ ೧ ಸಾಕು. ಪರದೆಯ ಶುದ್ಧ ಹಳದಿಯ ಮೇಲೆ ಶುದ್ಧ ಕೆಂಪನ್ನು ಲೆಕ್ಕಹಾಕಿದರೆ ಬರುವುದು ಸುಮಾರು ೩.೭. ಅಂದರೆ ಬಾವುಟದ ಬಣ್ಣ ತಲೆಬರಹಕ್ಕೆ ಸಲ್ಲುತ್ತದೆ, ಪಾಠದ ಒಡಲಿಗೆ ಸಲ್ಲುವುದಿಲ್ಲ. ನಾಗಪುರದವರಿಗೆ ಇನ್ನೊಂದು ಮೋಹವುಂಟು, ಕಿತ್ತಳೆ. ಸಂತರೆಯ ಊರೆಂದು ಹೆಸರಾದ ಇಲ್ಲಿ ಕಿತ್ತಳೆ ಬಣ್ಣದ ಪಟ್ಟಿಯ ಮೇಲೆ ಬಿಳಿಯಕ್ಷರಗಳನ್ನು ಬರೆಯುವ ಆಸೆ ಸಹಜವೇ. ಸಾಮಾನ್ಯ ಕಿತ್ತಳೆಯ ಮೇಲೆ ಬಿಳಿಗೆ ದೊರೆಯುವ ಪ್ರಮಾಣ ಎರಡನ್ನೂ ಮುಟ್ಟುವುದಿಲ್ಲ. ಅದೇ ಕಿತ್ತಳೆಯ ಮೇಲೆ ಕಪ್ಪಿಗೆ ಹತ್ತಕ್ಕೂ ಮಿಕ್ಕು ದೊರೆಯುತ್ತದೆ. ಅಭಿಮಾನವನ್ನು ಬಿಡಬೇಕಾದುದಿಲ್ಲ, ಅದರ ಸ್ಥಾನವನ್ನು ಅರಿತರೆ ಸಾಕು. ‘ಸರಿ’, ‘ತಪ್ಪು’ಗಳನ್ನು ಹಸಿರು ಕೆಂಪುಗಳಿಂದ ಮಾತ್ರ ಸೂಚಿಸುವುದೂ ಇಂತಹದೇ ಅವಿಚಾರ, ಆ ಎರಡು ಬಣ್ಣಗಳ ಭೇದ ಕಾಣದ ಕಣ್ಣುಗಳುಂಟು, ಅವುಗಳಿಗಾಗಿ ಶಬ್ದವನ್ನೋ ಗುರುತನ್ನೋ ಜತೆಗಿಡಬೇಕು.

ಚಿತ್ರಗಳಿಗೂ ಇದೇ ನ್ಯಾಯ. ಕನ್ನಡ ಕಲಿಸುವ ಪಾಠವೆಂದೊಡನೆ ಹಂಪೆಯ ಕಲ್ಲಿನ ರಥ, ಯಕ್ಷಗಾನದ ಕಿರೀಟ, ಮೈಸೂರಿನ ಅರಮನೆ ಹಿನ್ನೆಲೆಯಾಗಿ ನಿಲ್ಲುವುದನ್ನು ನೋಡುತ್ತೇವೆ. ಅವು ನಮ್ಮವೇ, ಆದರೆ ‘ಅ’ಕಾರವನ್ನು ತಿದ್ದುವ ಮಗುವಿಗೆ ಆ ಗಳಿಗೆಯಲ್ಲಿ ಅವುಗಳಿಂದ ಪ್ರಯೋಜನವಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ೨೦೦೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರಯೋಗಗಳ ಆಧಾರದಿಂದ ಹೇಳಿರುವುದು ಇದನ್ನೇ: ಪಾಠಕ್ಕೆ ಸಂಬಂಧಿಸದ ಸ್ವಾರಸ್ಯಗಳನ್ನು ಕಳೆದಷ್ಟೂ ಕಲಿಕೆ ಹೆಚ್ಚುತ್ತದೆ, ಚಿತ್ರವೂ ಅದರ ವಿವರಣೆಯೂ ಹತ್ತಿರ ಹತ್ತಿರ ಇರಬೇಕು. ನಮ್ಮಲ್ಲಿ ಶಿವರಾಮ ಕಾರಂತರು ೧೯೩೬ರಲ್ಲಿಯೇ ‘ಬಾಲಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಚಿತ್ರಸಹಿತವಾಗಿ ಹೊರತಂದರು. ಕಣ್ಣಿನ ಮೂಲಕ ಕಲಿಸುವುದು ನಮಗೆ ಹೊಸದಾಗಿ ಬಂದ ವಿದ್ಯೆಯಲ್ಲ. ವಿವರಿಸುವ ಚಿತ್ರವನ್ನು ಉಳಿಸಿಕೊಳ್ಳುವುದು, ಸಿಂಗರಿಸುವ ಚಿತ್ರವನ್ನು ಮುಖಪುಟಕ್ಕೆ ಕಳುಹಿಸುವುದು, ಇಷ್ಟೇ ಬೇಕಾದ ವಿವೇಕ.

೫

ಇನ್ನು ಕಲಿಯುವವನ ಕಣ್ಣು. ಬೆಂಗಳೂರಿನಲ್ಲಿ ರಚಿಸಿದ ಪಾಠಮಾಲೆ ನಾಗಪುರದ ಮಗುವಿಗೂ ಒಪ್ಪುವುದೆಂದು ಎಣಿಸುವುದು ಸರಿಯಲ್ಲ. ಇಲ್ಲಿನ ಮಗುವಿನ ಕಣ್ಣು ದೇವನಾಗರಿಯಲ್ಲಿ ಪಳಗಿದೆ. ಅಲ್ಲಿ ಶಬ್ದವೆಲ್ಲ ಒಂದು ಶಿರೋರೇಖೆಗೆ ತೂಗುಬೀಳುತ್ತದೆ; ಎಲ್ಲಿ ರೇಖೆ ಮುಗಿಯಿತೋ ಅಲ್ಲಿ ಶಬ್ದ ಮುಗಿಯಿತು. ಕನ್ನಡದಲ್ಲಿ ಅಂತಹ ರೇಖೆಯಿಲ್ಲ, ಬಿಡಿ ಬಿಡಿ ತಲೆಕಟ್ಟುಗಳಿವೆ. ಆದುದರಿಂದ ಮೊದಲ ಪಾಠಗಳಲ್ಲಿ ಶಬ್ದ ಶಬ್ದಗಳ ನಡುವೆ ವಾಡಿಕೆಗಿಂತ ಹೆಚ್ಚು ತೆರಪಿರಬೇಕು.

ಇದಕ್ಕಿಂತ ಸೂಕ್ಷ್ಮವಾದುದು ಸಂಯುಕ್ತಾಕ್ಷರ. ದೇವನಾಗರಿಯಲ್ಲಿ ಸಾಮಾನ್ಯವಾಗಿ ಮೊದಲ ವ್ಯಂಜನ ಅರ್ಧವಾಗಿ ಎಡಕ್ಕೆ ನಿಲ್ಲುತ್ತದೆ, ಎರಡನೆಯದು ಪೂರ್ಣವಾಗಿ ಬಲಕ್ಕೆ ಬರುತ್ತದೆ. ಕನ್ನಡದಲ್ಲಿ ಮೊದಲನೆಯದೇ ಪೂರ್ಣ. ಎರಡನೆಯದು ಒತ್ತಾಗಿ ಕೆಳಗಿಳಿಯುತ್ತದೆ. ‘ಪುಸ್ತಕ’ ಎಂಬ ಶಬ್ದ ಎರಡು ಭಾಷೆಗಳಿಗೂ ಸಮಾನ, ಉಚ್ಚಾರಣೆಯೂ ಸಮಾನ. ಆದರೆ ಅಲ್ಲಿ ಕುಗ್ಗುವುದು ಸಕಾರ, ಇಲ್ಲಿ ಕುಗ್ಗುವುದು ತಕಾರ. ‘ಆಸ್ತಿ’ ಎಂಬಲ್ಲಿ ಇಕಾರದ ಧ್ವನಿ ತಕಾರದ ಮೇಲೆ ಬಂದರೂ ಗುಡಿಸು ಕುಳಿತಿರುವುದು ಸಕಾರದ ಮೇಲೆ. ಕನ್ನಡ ನಾಡಿನ ಮಗು ಇದನ್ನು ಬೀದಿಯ ಹಲಗೆಗಳಲ್ಲಿ ನೋಡಿ ನೋಡಿ ತನಗರಿಯದೆಯೇ ಒಗ್ಗಿಸಿಕೊಳ್ಳುತ್ತದೆ. ನಾಗಪುರದ ಮಗುವಿಗೆ ಇದನ್ನು ತೋರಿಸಿಯೇ ಕೊಡಬೇಕು. ಅಂತರ್ಜಾಲ ಪಾಠದ ಚಲನಶಕ್ತಿ ಸಾರ್ಥಕವಾಗುವುದು ಇಂತಹ ಸ್ಥಳದಲ್ಲಿ: ತಕಾರವು ಒತ್ತಾಗಿ ಕೆಳಗೆ ಇಳಿಯುವುದನ್ನೂ ಗುಡಿಸು ಮೇಲೇರುವುದನ್ನೂ ಕಣ್ಣೆದುರಿಗೆ ನಡೆಯಿಸಿ ತೋರಿಸಬಹುದು. ಪರದೆಯ ಮೂಲೆಯಲ್ಲಿ ಹಾರುವ ಗಿಳಿಯನ್ನು ಚಲಿಸುವ ಬದಲು ಅಕ್ಷರವನ್ನು ಚಲಿಸಿದರೆ ಅದೇ ಅಲಂಕಾರ, ಅದೇ ವಿದ್ಯೆ.

ಆಸರೆಯ ಲಿಪಿ ಯಾವುದಿರಬೇಕೆಂಬುದು ಇನ್ನೊಂದು ಪ್ರಶ್ನೆ. ಹೊರನಾಡ ಮಕ್ಕಳಿಗೆಂದು ರಚಿಸುವ ಪಾಠಗಳಲ್ಲಿ ಕನ್ನಡದ ಜತೆಗೆ ರೋಮನ್ ಬರಹವನ್ನು ಕೊಡುವ ವಾಡಿಕೆಯುಂಟು. ಎರಡೂ ಒಂದೇ ಅಳತೆಯಲ್ಲಿ ಪಕ್ಕಪಕ್ಕದಲ್ಲಿದ್ದರೆ ಮಗುವಿನ ಕಣ್ಣು ಬಲ್ಲುದರ ಕಡೆಗೇ ಹರಿಯುತ್ತದೆ. ಕನ್ನಡ ಚಿತ್ರವಾಗಿ ಉಳಿಯುತ್ತದೆ, ರೋಮನ್ ಓದಾಗುತ್ತದೆ. ವರ್ಷವೊಂದು ಕಳೆದರೂ ಅಕ್ಷರ ಬರಲಿಲ್ಲವೆಂದು ಹಿರಿಯರು ಮಗುವನ್ನು ದೂರುತ್ತಾರೆ, ದೂರತಕ್ಕದ್ದು ಪುಟವನ್ನು. ನಾಗಪುರದಲ್ಲಿ ಆಸರೆಗೆ ದೇವನಾಗರಿಯೇ ಯೋಗ್ಯ. ವರ್ಣಮಾಲೆಯ ಕ್ರಮ ಒಂದೇ. ಅಲ್ಪಪ್ರಾಣ ಮಹಾಪ್ರಾಣಗಳ ಭೇದ, ಮೂರ್ಧನ್ಯಗಳ ಭೇದ ಅದರಲ್ಲಿ ಸ್ಪಷ್ಟ. ರೋಮನ್‌ನಲ್ಲಿ ಬಾಲವಿಲ್ಲದೆ ಬರೆಯಲಾರದ ‘ಳ’ಕಾರವೂ ಮರಾಠಿಯ ಮಗುವಿಗೆ ಪರಿಚಿತ. ಕೊರತೆಯಿರುವುದು ಹ್ರಸ್ವ ‘ಎ’, ‘ಒ’ಗಳಲ್ಲಿ ಮಾತ್ರ, ಅವನ್ನು ಧ್ವನಿಯಿಂದ ಕಲಿಸಬಹುದು. ಆದರೆ ಈ ಆಸರೆ ಚಿಕ್ಕ ಅಳತೆಯಲ್ಲಿದ್ದು, ಮುಟ್ಟಿದಾಗ ಮಾತ್ರ ಕಾಣಿಸಿಕೊಂಡು, ಪಾಠದಿಂದ ಪಾಠಕ್ಕೆ ಮರೆಯಾಗುತ್ತ ಹೋಗಬೇಕು.

ಕೇಳುವ ಮಾತನ್ನೇ ಪರದೆಯ ಮೇಲೆ ಬರೆದು ತೋರಿಸುವುದು ಅನವಶ್ಯಕ ಪುನರುಕ್ತಿಯೆಂದು ಮೇಯರ್ ಮೊದಲಾದವರ ಮತ. ಭಾಷೆಯನ್ನು ಚೆನ್ನಾಗಿ ಬಲ್ಲವರ ಮಟ್ಟಿಗೆ ಅದು ನಿಜ. ಪರಭಾಷೆಯನ್ನು ಕಲಿಯುವವರಿಗೆ ಬರಹದ ಬೆಂಬಲ ಪ್ರಯೋಜನಕರವೆಂದು ಅವರೂ ಒಪ್ಪುತ್ತಾರೆ. ಕನ್ನಡವನ್ನು ಕೇಳಬಲ್ಲ, ಓದಲಾರದ ನಮ್ಮ ಮಕ್ಕಳ ಸ್ಥಿತಿ ಈ ಎರಡರ ನಡುವಿನದು. ಅವರಿಗೆ ಕೇಳಿದ ಮಾತು ಕಂಡ ಮಾತಾಗುವ ಕ್ಷಣವೇ ಪಾಠ. ಆದುದರಿಂದ ಧ್ವನಿಯೊಡನೆ ಅಕ್ಷರ ಅಕ್ಷರವಾಗಿ ಬರಹ ಬೆಳಗುವ ರೂಪ ಅವರಿಗೆ ಪುನರುಕ್ತಿಯಲ್ಲ, ಸೇತುವೆ.

೬

ಈ ವಿಚಾರದಿಂದ ಹೊರಡುವ ಕರ್ತವ್ಯ ಸಂಘಗಳ ಪಾಲಿನದು. ಪಾಠಮಾಲೆಯನ್ನು ಹೂಡುವಾಗ ಲೇಖಕರನ್ನು ಗೊತ್ತುಮಾಡುವಷ್ಟೇ ಎಚ್ಚರಿಕೆಯಿಂದ ಅದರ ರೂಪವನ್ನೂ ಗೊತ್ತುಮಾಡಬೇಕು. ಹೆಚ್ಚಿನ ಹಣ ಬೇಕಾದುದಿಲ್ಲ. ೨೦೦೨ರಿಂದ ಬಳಕೆಯಲ್ಲಿರುವ ಮೂಡಲ್ ಮುಂತಾದ ಮುಕ್ತ ತಂತ್ರಾಂಶಗಳಲ್ಲಿ ಬಣ್ಣ, ಅಕ್ಷರ, ಅಂತರಗಳನ್ನು ನಮಗೆ ಬೇಕಾದಂತೆ ಬದಲಾಯಿಸಬಹುದು. ಮೊದಲು ಅತ್ಯಂತ ಕಷ್ಟದ ಸಾಲೊಂದನ್ನು ಬರೆದು, ‘ಸ್ವಾತಂತ್ರ್ಯ’, ‘ರಾಷ್ಟ್ರ’, ‘ವೈಶಿಷ್ಟ್ಯ’ಗಳು ಸೇರಿದ ಸಾಲನ್ನು ಅಗ್ಗದ ಮೊಬೈಲೊಂದರಲ್ಲಿ ಹಗಲು ಬೆಳಕಿನಲ್ಲಿ ಓದಿನೋಡಬೇಕು. ಬಳಿಕ ಅದನ್ನು ಕನ್ನಡ ಓದಲು ಬಾರದ ಮಗುವಿಗೂ ಕಣ್ಣು ಮಂಜಾದ ಅಜ್ಜನಿಗೂ ತೋರಿಸಬೇಕು. ಅಕ್ಷರವನ್ನು ಚಿತ್ರವಾಗಿ ಅಂಟಿಸದೆ ಯೂನಿಕೋಡಿನಲ್ಲಿಯೇ ಬರೆಯಬೇಕು. ಹಾಗಾದರೆ ಕುರುಡರ ಯಂತ್ರವೂ ಅದನ್ನು ಓದಿ ಹೇಳೀತು. ಈ ಪರೀಕ್ಷೆಗಳಲ್ಲಿ ಗೆದ್ದ ಮೇಲೆ ಬಣ್ಣವನ್ನು ಕುರಿತು ಸಭೆ ಸೇರಲಿ.

ವಿಷಯವೇ ಸಾಕು, ರೂಪ ಏಕೆ ಎನ್ನುವವರೂ, ಕನ್ನಡತನವೆಂದರೆ ರಥ ಬಾವುಟಗಳೇ ಎನ್ನುವವರೂ ಒಂದೇ ತಪ್ಪನ್ನು ಎರಡು ದಿಕ್ಕಿನಿಂದ ಮಾಡುತ್ತಾರೆ. ಇಬ್ಬರೂ ಲಿಪಿಯನ್ನು ನೋಡುವುದಿಲ್ಲ. ಕನ್ನಡದ ಪಾಠ ಕನ್ನಡದ್ದಾಗಿ ಕಾಣುವುದು ಅದರ ಅಂಚಿನ ಚಿತ್ರದಿಂದಲ್ಲ, ಒತ್ತುಗಳಿಗೆ ಕಾಲು ಚಾಚಲು ಸಾಲಿನ ಕೆಳಗೆ ಬಿಟ್ಟುಕೊಟ್ಟ ಸ್ಥಳದಿಂದ. ಊರಿನಲ್ಲಿ ಎಲ್ಲಿಯೂ ಕನ್ನಡವನ್ನು ಕಾಣದ ಮಕ್ಕಳಿಗೆ ಅಷ್ಟು ಸ್ಥಳವನ್ನಾದರೂ ನಾವು ಪರದೆಯ ಮೇಲೆ ಉಳಿಸಿಕೊಡಬೇಕು.